ಗೋಡೆ ಬಿರಿದದ್ದು ಭೂಕಂಪದಿಂದಲ್ಲ

ನನ್ನ ಸೋದರಮಾವನ ಮುಖ ಕಂಡರೆ ಈಗಲೂ ಮೈ ಉರಿಯುತ್ತದೆ. ಅವನನ್ನು ಏಕವಚನದಲ್ಲಿ ಕರೆದರೆ ನನ್ನ ಅವ್ವ ಬೈಯುತ್ತಾಳೆ. ಬೈಯಲಿ.

ದೇವದುರ್ಗ ತಾಲೂಕಿನ ಜಾಲಹಳ್ಳಿ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ದೇವದುರ್ಗದಿಂದ ದಿನಾ ಬಸ್ಸು. ಶಾಲೆಯ ಹಿಂದಿನ ಗುಡ್ಡದಲ್ಲಿ ಮಾವನ ಕಲ್ಲುಗಣಿ. ಶಾಲೆಯ ಉಸ್ತುವಾರಿ ಸಮಿತಿಗೂ ಅವನೇ ಅಧ್ಯಕ್ಷ. ಗೋಡೆ ಒಡೆಯುವವನೂ ಅವನೇ, ಕಾಯಬೇಕಾದವನೂ ಅವನೇ.

ಮಧ್ಯಾಹ್ನ ಮಕ್ಕಳು ಊಟ ಮುಗಿಸಿ ಒಳಗೆ ಕೂರುವ ಹೊತ್ತಿಗೆ ಗಣಿಯಲ್ಲಿ ಒಬ್ಬ ಕೆಂಪು ಬಟ್ಟೆ ಬೀಸಿ ಮೂರು ಸಲ ಉದ್ದಕ್ಕೆ ಸೀಟಿ ಊದುತ್ತಿದ್ದ. ಕುರಿಯವರು ಹಿಂಡು ಹೊಡೆದುಕೊಂಡು ದೂರ ಓಡುತ್ತಿದ್ದರು. ಆಮೇಲೆ ಬಂಡೆ ಸಿಡಿಸುವ ಮದ್ದು ಢಮ್ಮೆನ್ನುತ್ತಿತ್ತು. ಗುಡ್ಡದ ಕಡೆ ಇದ್ದ ಏಳನೆಯ ತರಗತಿಯ ಗೋಡೆ ಮೊದಲು ಕೂದಲೆಳೆಯಷ್ಟು ಬಿರಿಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಬೆರಳು ತೂರುವಂತಾಯಿತು. ಹುಡುಗಿಯರು ಕೂರುತ್ತಿದ್ದುದು ಅದೇ ಗೋಡೆಗೆ ಒರಗಿ. ಅವರನ್ನು ಬೇವಿನ ಮರದ ಕೆಳಗೆ ಕೂರಿಸಿದೆ. ಮಾವ ಬಂದು, ‘ಸಾಲಿ ಅಂದ್ರ ನಾಕು ಗ್ವಾಡಿ ಒಳಗ ನಡೀಬೇಕು’ ಎಂದು ಎಲ್ಲರನ್ನೂ ಎಬ್ಬಿಸಿ ಒಳಗೆ ಕಳಿಸಿದ. ಸೀಟಿ ಕೇಳಿ ಹುಡುಗಿಯರು ಎದ್ದರೆ, ‘ಎದ್ದು ಎಲ್ಲಿಗೆ ಹೊಂಟ್ರಿ? ಸುಮ್ನ ಕೂಡ್ರಿ’ ಎಂದು ಬಾಗಿಲಲ್ಲೇ ನಿಂತು ಗದರಿಸುತ್ತಿದ್ದ.

ಆಗಲೇ ಭೂಮಿಯ ರಚನೆಯ ಪಾಠ ಬಂತು. ಮನೆಯಿಂದ ಒಂದು ಕಡಕ್ ರೊಟ್ಟಿ ಒಯ್ದು ಮಕ್ಕಳೆದುರು ಮುರಿದೆ. ನಾವು ನಿಂತ ನೆಲ ಹೀಗೆ ದೊಡ್ಡ ದೊಡ್ಡ ಫಲಕಗಳಾಗಿದೆ, ಅವು ನಿಧಾನಕ್ಕೆ ಸರಿಯುತ್ತವೆ, ನಮ್ಮ ಫಲಕ ಉತ್ತರಕ್ಕೆ ಒತ್ತಿಕೊಂಡು ಹೋಗಿ ಹಿಮಾಲಯ ಎದ್ದಿದೆ ಎಂದೆ. ಅಂಚಿನಲ್ಲಿ ತಿಕ್ಕಾಟ ಹೆಚ್ಚು, ನಾವಿರುವುದು ನಡುವಿನಲ್ಲಿ, ಬಹಳ ಹಳೆಯ ಗಟ್ಟಿ ಬಂಡೆಯ ಮೇಲೆ ಎಂದೂ ಹೇಳಿದೆ. ಮಕ್ಕಳು ಮನೆಗೆ ಹೋಗಿ ತಾವೂ ರೊಟ್ಟಿ ಮುರಿದು ತೋರಿಸಿದರು.

ಆ ವಾರ ಊರಿನವರು ಗೋಡೆಯ ಸಂಗತಿ ಕೇಳಲು ಶಾಲೆಯ ಅಂಗಳದಲ್ಲಿ ಸೇರಿದರು. ಮಾವ ಎದ್ದು ನಿಂತು ನನ್ನ ಕಡೆ ಕೈ ಮಾಡಿದ.

‘ನಮ್ಮ ಮೇಡಮ್ಮನ ಹೇಳ್ಯಾಳ. ಭೂಮಿ ಅಂದ್ರ ಒಡದ ರೊಟ್ಟಿ, ಅದು ಸರದಾಡ್ತದ ಅಂತ. ಅದು ಸರದ್ರ ಗ್ವಾಡಿ ಬಿರಿಯಂಗಿಲ್ಲೇನು? ಇದರಾಗ ನಂದೇನು ತಪ್ಪದ?’

ನನಗೆ ನಖಶಿಖಾಂತ ಸಿಟ್ಟು ಬಂತು. ‘ಮಾಮಾ, ಭೂಕಂಪ ಆದ್ರ ಊರೆಲ್ಲ ಅಳ್ಳಾಡ್ತದ. ನಿನ್ನ ಗಣಿ ಕಡಿ ಗ್ವಾಡಿ ಒಂದ ಹುಡುಕ್ಕೊಂಡು, ದಿನಾ ಮಧ್ಯಾಹ್ನ ಬರಂಗಿಲ್ಲ’ ಎಂದೆ.

ಅರ್ಧ ಊರಿಗೆ ಅವನ ಗಣಿಯಲ್ಲಿ ಕೆಲಸ. ಅವನು ನಕ್ಕ, ಅವರೂ ನಕ್ಕರು. ಭೂಮಿತಾಯಿ ಮುನಿದಿದ್ದಾಳೆ, ಅವಳಿಗೆ ಚರಗ ಚೆಲ್ಲೋಣ, ಖರ್ಚೆಲ್ಲ ತನ್ನದೇ ಎಂದು ಅವನು ಸಾರಿದ. ಎಳ್ಳಮಾವಾಸ್ಯೆಗೆ ಬೆಳೆದ ಹೊಲಕ್ಕೆ ಚೆಲ್ಲುವ ಎಡೆಯನ್ನು ಬಿರಿದ ಗೋಡೆಗೆ ಚೆಲ್ಲುವ ಊರು ಇನ್ನೆಲ್ಲಿದೆಯೋ ನಾನರಿಯೆ. ಈ ಬುದ್ಧಿಗೇಡಿತನಕ್ಕೆ ನನ್ನ ರೊಟ್ಟಿಯೇ ಸಾಕ್ಷಿಯಾಯಿತಲ್ಲ!

ಚರಗದ ದಿನ ಗಣಿ ಬಂದ್ ಎಂದು ಅವನೇ ಹೇಳಿದ್ದ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಬಂದವು. ಗೋಡೆಯ ಬುಡಕ್ಕೆ ಎಡೆ ಚೆಲ್ಲಿ, ಏಳನೆಯ ತರಗತಿಯಲ್ಲೇ ಪಂಕ್ತಿ ಹಾಕಿದರು. ‘ನನಗೇನು ಅಂಜಿಕಿ?’ ಎಂದು ಮಾವ ಹುಡುಗಿಯರ ಸಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತ. ಪಕ್ಕದಲ್ಲಿ ಅವನ ಮೊಮ್ಮಗಳು, ನನ್ನದೇ ವಿದ್ಯಾರ್ಥಿನಿ.

ನಾನು ಪಕ್ಕದ ಕೋಣೆಗೆ ಹೋದೆ. ಆಟದ ಸಾಮಾನಿನ ಪೆಟ್ಟಿಗೆಯಿಂದ ಶಾಲೆಯ ಸೀಟಿ ತೆಗೆದು, ಹಿಂದಿನ ಕಿಟಕಿಯಲ್ಲಿ ಗುಡ್ಡದ ಕಡೆ ಮುಖ ಮಾಡಿ, ಮೂರು ಸಲ ಉದ್ದಕ್ಕೆ ಊದಿದೆ. ನಾಚಿಕೆಯೇನೂ ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಬಾಗಿಲಿಗೆ ಬರುವಷ್ಟರಲ್ಲಿ ಮಾವ ಅಂಗಳದಲ್ಲಿದ್ದ. ಎಲೆ ದಾಟಿ, ಬಡಿಸುವವಳನ್ನು ನೂಕಿ, ಕೈಯಲ್ಲಿ ಅರ್ಧ ಹೋಳಿಗೆ ಹಿಡಿದುಕೊಂಡೇ ಓಡಿ ಬಂದು ಬೇವಿನ ಮರದ ಕೆಳಗೆ ನಿಂತಿದ್ದ. ಢಮ್ಮೆನ್ನಲಿಲ್ಲ. ಬಡಿಸುತ್ತಿದ್ದ ಮುದುಕಿ ಪುಂಡಿಪಲ್ಯದ ಸೌಟು ಹಿಡಿದುಕೊಂಡೇ ಹೊರಗೆ ಬಂದು ಅವನನ್ನು ದಿಟ್ಟಿಸಿದಳು.

‘ಭೂಮಿತಾಯಿ ಸೀಟಿ ಊದಿ ಬರ್ತಾಳೇನೋ ಯಪ್ಪಾ?’ ಎಂದಳು.

ಅಂದು ಗಣಿಯ ಆಳುಗಳೇ ಅವನ ಮುಂದೆ ನಿಂತು, ಗೋಡೆ ಹೊಸದಾಗಿ ಏಳುವತನಕ, ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಮದ್ದು ಹಾರಿಸಕೂಡದು ಎಂದರು. ಅವನು ತಲೆಯಾಡಿಸಿದ. ಗೋಡೆ ಈಗ ಹೊಸದು. ಅವ್ವ ರಾಜಿಯಾಗು ಎಂದು ಗೋಗರೆಯುತ್ತಾಳೆ, ನಾನು ಅವನ ಹೊಸ್ತಿಲು ತುಳಿದಿಲ್ಲ.

ಅವನು ಓಡಿದ್ದಕ್ಕಲ್ಲ. ಅವನು ಓಡಿದ ಮೇಲೆ ನಾನು ಒಳಗೆ ನೋಡಿದೆ. ಹುಡುಗಿಯರಲ್ಲಿ ಒಬ್ಬಳೂ ಎದ್ದಿರಲಿಲ್ಲ. ಅವನ ಮೊಮ್ಮಗಳು ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಅದೇ ಗೋಡೆಗೆ ಒರಗಿ, ಅವನು ಹೇಳಿಕೊಟ್ಟಂತೆ ಸುಮ್ಮನೆ ಕೂತಿದ್ದಳು.