ನಿಕೋಲಾಸಾ ಗೆದ್ದುಕೊಟ್ಟ ಕುರ್ಚಿ

ಬೆಟ್ಟದ ಸೀಮೆಯ ನಮ್ಮೂರು ಹುಲಿಯಾಕಾದ ಸಂತೆ ಚೌಕದಲ್ಲಿ ನನ್ನ ನಾದಿನಿ ನಿಕೋಲಾಸಾ ಚುರಾ ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಮೇಲೆ ನಿಂತಳೆಂದರೆ ಆಲೂಗಡ್ಡೆ ಮಾರುವ ಹೆಂಗಸರು ತಕ್ಕಡಿ ಕೆಳಗಿಟ್ಟು ಬರುತ್ತಿದ್ದರು. ಪೊಲೀಸರು, ಪಾದ್ರಿ, ತನ್ನ ಗಂಡ, ಯಾರನ್ನೂ ಬಿಡದೆ ನಗಿಸುತ್ತಿದ್ದಳು.

ರಾಜಧಾನಿ ಲಿಮಾದ ಟಿವಿಯವರು ಅವಳನ್ನು ಕರೆಸಿದರು. ಮುಖಕ್ಕೆ ಮಸಿ ಬಳಿದುಕೊಂಡು, ಲಿಫ್ಟ್ ಕಂಡು ಚೀರುವ ಬೆಟ್ಟದ ಹೆಂಗಸಾಗಬೇಕಂತೆ.

"ನಮ್ಮವ್ವನೂ ಬೆಟ್ಟದೋಳೇ. ಪೆದ್ದಿ ಆಗಿರ್ಲಿಲ್ಲ," ಎಂದವಳೇ ಊರಿನ ಬಸ್ಸು ಹತ್ತಿದಳು. ಆ ಪಾತ್ರವನ್ನು ಗಂಡಸೊಬ್ಬ ಲಂಗ ಉಟ್ಟು ಮಾಡಿದ. ದೇಶವೆಲ್ಲ ನಕ್ಕಿತು, ನಾಚಿಕೆಗೆಟ್ಟ ದೇಶ.

ನಾನು ಮದುವೆಗಳ ವಿಡಿಯೊ ತೆಗೆಯುವವನು. ಊರಿಗೆ ಬಂದವಳೇ ಕೇಳಿದಳು, "ಫಾಕುಂಡೊ, ಮದುವೆ ಇಲ್ಲದಾಗ ನಿನ್ ಕ್ಯಾಮೆರಾ ಏನ್ ಮಾಡುತ್ತೆ?"

"ಮಲಗಿರುತ್ತೆ."

"ಎಬ್ಬಿಸು."

ಹಾಗೆ ನಾವೇ ಒಂದು ಚಿತ್ರ ತೆಗೆದೆವು. ಒಂದೇ ಶೌಚಾಲಯವನ್ನು ಪ್ರತಿ ಚುನಾವಣೆಗೂ ಉದ್ಘಾಟಿಸುವ ಮೇಯರ್‌ನ ಕಥೆ ಅದು. ಕಸಾಯಿ ಅಂಗಡಿಯವನೇ ಮೇಯರ್ ಪಾತ್ರ ಮಾಡಿದ. ಪ್ರದರ್ಶನದ ದಿನ ಪುರಸಭೆಯವರು ಸಭಾಂಗಣಕ್ಕೆ ಬೀಗ ಜಡಿದರು, ಕರೆಂಟು ತಂತಿ ದುರಸ್ತಿಯಂತೆ. ಬಸ್ ನಿಲ್ದಾಣದ ಗೋಡೆಯ ಮೇಲೆ ಚಿತ್ರ ಬಿಟ್ಟೆವು. ಜನ ಚಳಿಯಲ್ಲಿ ನಿಂತೇ ನೋಡಿದರು.

ಆ ಜನವನ್ನು ಕಂಡೇ ಮಡಕೆ ಗುರುತಿನ ಪುಟ್ಟ ಪಕ್ಷದ ಯಜಮಾನ ಅಬೆಲಾರ್ದೊ ಹುಡುಕಿಕೊಂಡು ಬಂದ.

"ಅಮ್ಮಾವ್ರೆ, ನೀವು ಜನರನ್ನ ನಗಿಸಿ ಸಾಕು. ಭಾಷಣ ನಾವು ನೋಡ್ಕೋತೀವಿ."

"ನೀವು ಭಾಷಣ ಮಾಡಿದ್ರೂ ಜನ ನಗ್ತಾರೆ ಸ್ವಾಮಿ. ನನಗೆ ಪುರಸಭೇಲಿ ಕುರ್ಚಿ ಬೇಕು."

ಪಕ್ಷದ ಪಟ್ಟಿಯಲ್ಲಿ ಮೊದಲ ಹೆಸರೇ ನಿಮ್ಮದು, ಗೆದ್ದ ಮೊದಲ ಕುರ್ಚಿ ಆ ಹೆಸರಿಗೇ ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟ. ಪ್ರಚಾರಕ್ಕೆ ಗೋಡೆಗೋಡೆಯ ಮೇಲೂ ಅವಳದೇ ಮುಖ. ಪಕ್ಷಕ್ಕೆ ಒಂದು ಸ್ಥಾನ ದಕ್ಕಿತು. ಆಮೇಲಷ್ಟೇ ನಮಗೆ ತಿಳಿದದ್ದು: ಮೊದಲ ಹೆಸರು ಅವನ ಭಾಮೈದನದು, ಇವಳದು ಎರಡನೆಯದು. ಕುರ್ಚಿ ಭಾಮೈದನಿಗೆ. "ಪಕ್ಷದ ಶಿಸ್ತು," ಎಂದ ಅಬೆಲಾರ್ದೊ. ಅವನ ಬಾಯಿಗೆ ಮಣ್ಣು ಹಾಕ.

ಆ ಭಾಮೈದ ಮೊಟ್ಟಮೊದಲು ಕೈಯೆತ್ತಿದ್ದು ಯಾವುದಕ್ಕೆ? ಸಂತೆ ಚೌಕವನ್ನು ಅಂಗಡಿ ಮಳಿಗೆ ಕಟ್ಟುವ ಗುತ್ತಿಗೆದಾರನಿಗೆ ಕೊಡಲು. ತಗಡಿನ ಬೇಲಿ ಏಳತೊಡಗಿತು. ಆಲೂಗಡ್ಡೆಯ ಮುದುಕಿ ಸಾತುರ್ನಿನಾ ಬಂದು, "ನಿನ್ ಮುಖ ನೋಡಿ ಓಟು ಹಾಕಿದ್ವಲ್ಲೇ ನಿಕೋ," ಎಂದಳು. ಅಷ್ಟೇ ಅಂದದ್ದು. ನಿಕೋಲಾಸಾ ಅವತ್ತು ಊಟ ಮಾಡಲಿಲ್ಲ.

ಮರುದಿನ ಪುರಸಭೆಗೆ ನುಗ್ಗಿ, ಬೆಂಚು ಹತ್ತಿ ಹೇಳಿದಳು: "ಈ ಕುರ್ಚಿ ನನ್ನ ಮುಖ ಹಾಕ್ಕೊಂಡು ಗೆದ್ದದ್ದು. ಕೂತಿರೋದು ಮಾತ್ರ ಇವನ ಅಂಡು." ಪೊಲೀಸರು ಎತ್ತಿ ಹೊರಗೆ ಹಾಕಿದರು. ಹೊರಗೆ ಸಾತುರ್ನಿನಾ ನಿಂತಿದ್ದಳು, ಹಿಂದೆ ಸಂತೆಯ ಹೆಂಗಸರೆಲ್ಲ. ಎಲ್ಲರೂ ಚೌಕಕ್ಕೆ ಹೋಗಿ ಕಂಬಳಿ ಹೊದ್ದು ಬೇಲಿಯೊಳಗೇ ಕೂತರು. ಹಗಲೆಲ್ಲ ಅವಳು ನಗಿಸಿದಳು, ಹಿಮ ಬಿದ್ದರೂ ಯಾರೂ ಏಳಲಿಲ್ಲ. ಕೊನೆಗೆ ಕೆಲಸ ಸಾಗದೆ ಗುತ್ತಿಗೆದಾರನೇ ತಗಡು ಕಿತ್ತುಕೊಂಡು ಹೋದ.

ಎಲ್ಲ ಒಳ್ಳೆಯದಾಯಿತಲ್ಲ ಎನ್ನುತ್ತಾರೆ ಜನ. ಏನು ಒಳ್ಳೆಯದು? ಭಾಮೈದ ಇನ್ನೂ ಅದೇ ಕುರ್ಚಿಯಲ್ಲಿದ್ದಾನೆ. ಮೊನ್ನೆ ರೇಡಿಯೊದಲ್ಲಿ, ಚೌಕ ಉಳಿಸಿದ್ದು ತಾನೇ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ನಿಕೋಲಾಸಾ ರೇಡಿಯೊ ಆರಿಸಿ, ಮುಂದಿನ ಚಿತ್ರದಲ್ಲಿ ಅವನ ಪಾತ್ರಕ್ಕೆ ಒಪ್ಪುವವರು ಯಾರಾದರೂ ಇದ್ದಾರೇನೋ ಎಂದು ಹುಡುಕಲು ಹೊರಟಳು.