ಅಪ್ಪ ಓದಿದ ಕಳ್ಳತನದ ಸುದ್ದಿ

ಈಗ ಟೀವಿಯಲ್ಲಿ ಕಳ್ಳತನದ ಸುದ್ದಿ ಬಂದರೆ ಹಿನ್ನೆಲೆಯಲ್ಲಿ ಢಂ ಢಂ ಅಂತ ಬಡಿಯುತ್ತಾರಲ್ಲ, ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಮುಳಬಾಗಿಲು ಕಡೆಯ ನಮ್ಮೂರಿಗೆ ಆ ಸದ್ದು ನಮ್ಮಪ್ಪನ ಗಂಟಲಿನಿಂದಲೇ ಬರುತ್ತಿತ್ತು. ಕೋಲಾರದ ಮೊದಲ ಬಸ್ಸು ತರುವ ಒಂದೇ ಒಂದು ಪೇಪರನ್ನು ಅಪ್ಪ ಟೀ ಅಂಗಡಿಯ ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಮೊದಲು ಕನ್ನಡದಲ್ಲಿ, ಆಮೇಲೆ ವಯಸ್ಸಾದವರಿಗಾಗಿ ತೆಲುಗಿನಲ್ಲಿ. ಮಂತ್ರಿಗಳ ಭಾಷಣ ಯಾರಿಗೆ ಬೇಕಿತ್ತು! "ಕಳ್ಳರದ್ದೇನಾದ್ರೂ ಇದ್ರೆ ಓದಣ್ಣೋ" ಅನ್ನುತ್ತಿದ್ದರು. ಪೇಪರಿನಲ್ಲಿ ಮೂರು ಸಾಲಿದ್ದರೆ ಅಪ್ಪನ ತೆಲುಗಿನಲ್ಲಿ ಅದಕ್ಕೆ ಮಚ್ಚು ಬರುತ್ತಿತ್ತು, ಕೆಂಗಣ್ಣು ಬರುತ್ತಿತ್ತು, ಒಮ್ಮೊಮ್ಮೆ ಕರಿ ಕಂಬಳಿಯೂ. ಅಯ್ಯೋ, ಏನು ಮಜಾ ಇತ್ತು ಅಂತೀರಿ! ಹೈಸ್ಕೂಲು ಹುಡುಗಿಯಾಗಿದ್ದ ನಾನೂ ಬಸ್ಸಿಗೆ ಕಾಯುವ ನೆಪದಲ್ಲಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ.

ಒಂದು ದಿನ ನಮ್ಮ ಬೀದಿಯವನೇ ಪೇಪರಿನಲ್ಲಿ ಬಂದ. ಬಾವಿಗಳ ಮೋಟಾರು ರಿಪೇರಿ ಮಾಡುವವನು. ಯಾರದೋ ಮೋಟಾರು ಕಳುವಾಗಿ, ಪೊಲೀಸರು ಅನುಮಾನದ ಮೇಲೆ ಅವನನ್ನು ಹಿಡಿದುಕೊಂಡು ಹೋಗಿದ್ದರು. ಪೇಪರಿನಲ್ಲಿದ್ದದ್ದು ಅಷ್ಟೇ. ಅಪ್ಪನ ಬಾಯಿ ಸುಮ್ಮನಿರುತ್ತದೆಯೇ? ಮಚ್ಚು, ಕೆಂಗಣ್ಣು ಎಲ್ಲಾ ಸೇರಿಸಿಬಿಟ್ಟ.

ವಾರದೊಳಗೆ ನಿಜವಾದ ಕಳ್ಳ ಸಿಕ್ಕಿ ಇವನು ಮನೆಗೆ ಬಂದ. ಬಂದರೇನು, ಯಾರೂ ಅವನನ್ನು ಬಾವಿಗೆ ಕರೆಯಲಿಲ್ಲ. ಹಳೇ ಗಿರಾಕಿಗಳೇ ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು.

ಒಂದು ಬೆಳಿಗ್ಗೆ ಅವನ ಮುದಿ ತಾಯಿ ಜಗಲಿಯ ಮುಂದೆ ಬಂದು ನಿಂತಳು. ಅವಳದು ತೆಲುಗೇ ಜಾಸ್ತಿ, ಕನ್ನಡ ಅಷ್ಟಕ್ಕಷ್ಟೆ.

"ನನ್ ಮಗನ್ನ ಬಿಟ್ಟಿದ್ದು ಓದು ನಾಯನಾ."

"ಅದು ಪೇಪರ್ನಾಗೆ ಬಂದಿಲ್ಲಮ್ಮಾ. ಇಲ್ದಿದ್ದು ಹೆಂಗ್ ಓದ್ಲಿ?" ಅಂದ ಅಪ್ಪ.

"ಅವತ್ತು ಮಚ್ಚು ಬಂದಿತ್ತಾ? ನನ್ ಮಗ ಆ ಪೇಪರ್ ಓದವ್ನೆ."

ನನಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಅಪ್ಪ ಪೇಪರು ಬಿಡಿಸಿ, ಗಂಟಲು ಸರಿಮಾಡಿಕೊಂಡ. ಅವನು ನಿರಪರಾಧಿ ಎಂದು ಗೊತ್ತಾಗಿ ಬಿಟ್ಟಿದ್ದಾರೆ, ಇನ್ಸ್‌ಪೆಕ್ಟರೇ ಕೈ ಹಿಡಿದು ತಪ್ಪಾಯಿತು ಎಂದಿದ್ದಾರೆ ಅಂತ ಕನ್ನಡದಲ್ಲಿ ಓದಿದ, ತೆಲುಗಿನಲ್ಲೂ ಓದಿದ. ನಾನು ಬಗ್ಗಿ ನೋಡಿದೆ. ಅಪ್ಪನ ಬೆರಳಿದ್ದ ಕಡೆ ಸೋಪಿನ ಜಾಹೀರಾತಿತ್ತು.

"ಪೇಪರ್ನಾಗೇ ಬಂದೈತೆ ಅಂದ್ಮೇಲೆ ಇನ್ನೇನು! ನಾಳೆ ನಮ್ ಬಾವಿ ತಾವ ಬರಕ್ಕೇಳಮ್ಮ" ಅಂದ ಅಲ್ಲಿದ್ದ ರೈತನೊಬ್ಬ.

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಜಗಲಿಯ ಅಂಚಿನಲ್ಲಿ ಕೂತಳು. "ಮಳ್ಳೀ ಚದುವು ನಾಯನಾ" ಅಂದಳು, ಇನ್ನೊಂದು ಸಲ ಓದಪ್ಪಾ ಅಂತ. ಅಪ್ಪ ಮತ್ತೆ ಮೊದಲಿನಿಂದ ಶುರು ಮಾಡಿದ. ಊರಿಗೆಲ್ಲಾ ಕೇಳಿಸುತ್ತಿದ್ದ ಅವನ ಧ್ವನಿ ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಿಸಲಿಲ್ಲ.