ಎರಡು ಮನೆಗೂ ಒಂದೇ ಪುಟ

ನಂಜನಗೂಡಿನ ಮಧ್ಯಾಹ್ನಗಳಿಗೆ ಒಂದು ಗುಣವಿದೆ. ಊಟವಾಗಿ ಸ್ವಲ್ಪ ಹೊತ್ತಿಗೆ ಬೀದಿಗೆ ಬೀದಿಯೇ ಮಂಪರಿಗೆ ಬಿದ್ದುಬಿಡುತ್ತದೆ. ಮದುವೆಗೆ ಮುಂಚೆ ನಾನು ಕೆಲಸ ಮಾಡುತ್ತಿದ್ದುದು ಆ ಹೊತ್ತಿನಲ್ಲೇ. ಮಹಡಿಯ ಮೇಲೆ ಶೀಟು ಹೊದಿಸಿದ ಕೋಣೆ, ಒಂದು ಲ್ಯಾಪ್‌ಟಾಪು, ಕೆಳಗೆ ಕೊಟ್ಟಿಗೆಯಲ್ಲಿ ಅಪ್ಪನ ಹಸುಗಳು ಮೆಲುಕು ಹಾಕುವ ಸದ್ದು. ಅಕ್ಕಿ ಗಿರಣಿ, ನರ್ಸರಿ, ಮದುವೆ ಛತ್ರ, ಯಾರು ಕೇಳಿದರೂ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಬಣ್ಣ, ಚಿತ್ರ ಎಲ್ಲ ಆಮೇಲೆ. ನನಗೆ ಪ್ರಾಣವೆಂದರೆ ಸಿಎಸ್‌ಎಸ್ ಬರೆದು ಪುಟ ಜೋಡಿಸುವುದು. ಯಾವುದು ಎಲ್ಲಿ ಕೂರಬೇಕು, ಯಾವುದರ ಪಕ್ಕ ಎಷ್ಟು ಜಾಗ ಬಿಡಬೇಕು ಎಂದು ಹೇಳುವ ಕೆಲಸ ಅದು.

ಪುಟದಲ್ಲಿ ಇರುವುದೆಲ್ಲ ಡಬ್ಬಿಗಳೇ. ಶೀರ್ಷಿಕೆ ಒಂದು ಡಬ್ಬಿ, ಚಿತ್ರ ಒಂದು ಡಬ್ಬಿ, ಅವೆರಡನ್ನೂ ಹಿಡಿದಿಡಲು ಇನ್ನೊಂದು. ಒಂದು ಕೊಂಚ ದಪ್ಪವಾದರೆ ಸಾಕು, ಪಕ್ಕದ್ದಕ್ಕೆ ಜಾಗ ಸಾಲದೆ ಅದು ಕೆಳಗೆ ಬೀಳುತ್ತದೆ. ಕಲಿತ ಹೊಸದರಲ್ಲಿ ಬಿದ್ದ ಡಬ್ಬಿಗಳನ್ನು ಎತ್ತಿ ಕೂರಿಸುವುದರಲ್ಲೇ ನನ್ನ ದಿನ ಮುಗಿಯುತ್ತಿತ್ತು. "ಹಾಳಾದ್ದೇ, ಹೇಳಿದ ಕಡೆ ಕೂತ್ಕೋ!" ಎಂದು ನಾನು ಪರದೆಗೆ ಬೈಯುವುದನ್ನು ಕೇಳಿ ಅಮ್ಮ ಕೆಳಗಿನಿಂದ "ಯಾರೇ ಅದು?" ಎನ್ನುತ್ತಿದ್ದಳು. ಆಮೇಲೆ ಗ್ರಿಡ್ ಎಂಬುದು ಬಂತು. ಗದ್ದೆಗೆ ಬದು ಹಾಕಿದ ಹಾಗೆ ಮೊದಲೇ ಸಾಲು, ಕಾಲಮ್ಮು ಗೆರೆ ಎಳೆದುಬಿಟ್ಟರೆ ಎಲ್ಲವೂ ಅದರಲ್ಲಿ ತಣ್ಣಗೆ ಕೂರುತ್ತದೆ. ಅದನ್ನು ಕಲಿತ ವಾರ ನನಗೆ ಊಟ ತಿಂಡಿ ನೆನಪಿರಲಿಲ್ಲ.

ಕೆಲಸ ಮಾಡುತ್ತ ಮಾಡುತ್ತ ಕಣ್ಣು ಎಳೆಯುತ್ತಿತ್ತು. ಆಗ ಕಿಟಕಿಯಾಚೆಯ ಊರೂ ನನ್ನ ಪುಟದೊಳಕ್ಕೆ ಬಂದುಬಿಡುತ್ತಿತ್ತು. ಎದುರು ಮನೆಯ ತಂತಿಯ ಮೇಲೆ ಒಣಗುವ ಸೀರೆಗಳ ನಡುವೆ ಜಾಗ ಸಮವಾಗಿಲ್ಲ ಎಂದು ಸರಿಮಾಡುತ್ತಿದ್ದೆ. ನೀರಿನ ಟ್ಯಾಂಕನ್ನು ಒಂದಿಷ್ಟು ಎಡಕ್ಕೆ ಸರಿಸುತ್ತಿದ್ದೆ. ತೆಂಗಿನಮರಗಳನ್ನು ಆಕಾಶದ ಉದ್ದಕ್ಕೂ ಹರಡುತ್ತಿದ್ದೆ, ಅವು ಗಾಳಿಗೆ ತೂಗುತ್ತ ಹೇಳಿದಂತೆ ಕೇಳುತ್ತಿದ್ದವು. ಕಪಿಲೆ ಹೊಳೆಯನ್ನು ಮಾತ್ರ ಯಾವ ಡಬ್ಬಿಯೊಳಗೂ ಕೂರಿಸಲಾಗದೆ ಎಚ್ಚರವಾಗುತ್ತಿತ್ತು. ಎದ್ದಾಗ ಕೆನ್ನೆಯ ಮೇಲೆ ಕೀಬೋರ್ಡಿನ ಗುರುತು.

ಹೆಣ್ಣು ನೋಡಲು ಬಂದವರಿಗೆ ಇದನ್ನೆಲ್ಲ ವಿವರಿಸಿ ಸಾಕಾಗಿಹೋಗಿತ್ತು. "ಕಂಪ್ಯೂಟ್ರಾ? ಒಳ್ಳೇದು ಬುಡಿ" ಎಂದು ಉಪ್ಪಿಟ್ಟು ತಿಂದು ಹೋಗುವವರೇ ಎಲ್ಲ. ತಿ. ನರಸೀಪುರದಿಂದ ಬಂದ ಒಬ್ಬ ಮಾತ್ರ ತಟ್ಟೆ ಕೆಳಗಿಟ್ಟು, "ಅಂದ್ರೆ ಏನ್ ಮಾಡ್ತೀರಿ?" ಎಂದು ಕೇಳಿದ. ಅವನು ಬನ್ನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ.

"ಯಾವ್ದು ಎಲ್ಲಿ ಕೂರ್ಬೇಕು ಅಂತ ಹೇಳೋದು" ಎಂದೆ.

"ನಂದೂ ಅದೇ ಬುಡಿ. ನೀರು ಎಲ್ಲಿಗೆ ಓಗ್ಬೇಕು ಅಂತ ಏಳೋದು" ಎಂದ.

ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅಮ್ಮ ಕಣ್ಣಲ್ಲೇ ಗದರಿದಳು. ಆದರೆ ಮದುವೆಯಾದರೆ ಇವನನ್ನೇ ಎಂದು ಅಷ್ಟು ಹೊತ್ತಿಗೆ ನನ್ನ ಮನಸ್ಸು ಕೂತಾಗಿತ್ತು.

ಅವನಿಗೆ ತಂದೆ ಇರಲಿಲ್ಲ. ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಅವನನ್ನು ಎದೆಯ ಮೇಲೆ ಹಾಕಿಕೊಂಡು ಬೆಳೆಸಿದ್ದು ತಂದೆಯ ಅಣ್ಣ, ಅವನ ದೊಡ್ಡಪ್ಪ. ಆ ಮನೆಯಲ್ಲಿ ದೊಡ್ಡಪ್ಪ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅವರು ಹೂಂ ಅಂದರು, ಲಗ್ನ ಗೊತ್ತಾಯಿತು.

ನಮ್ಮ ಕಡೆ ಲಗ್ನಪತ್ರಿಕೆಯನ್ನು ಎರಡು ಮನೆಯವರೂ ಬೇರೆಬೇರೆ ಅಚ್ಚು ಹಾಕಿಸುತ್ತಾರೆ. ಹೆಣ್ಣಿನ ಮನೆಯದರಲ್ಲಿ ಹೆಣ್ಣಿನ ಹಿರಿಯರು ಮೇಲೆ, ಗಂಡಿನ ಮನೆಯದರಲ್ಲಿ ಗಂಡಿನವರು ಮೇಲೆ. ಯಾರಿಗೂ ಬೇಜಾರಿಲ್ಲ. ಕಾಗದದ ಕಾರ್ಡು ಹಾಗೇ ಇರಲಿ, ಫೋನಿಗೆ ಕಳಿಸುವುದಕ್ಕೆ ಎರಡು ಮನೆಗೂ ಸೇರಿ ಒಂದೇ ಪುಟ ನಾನು ಮಾಡುತ್ತೇನೆ ಎಂದು ಹಟ ಹಿಡಿದೆ. ಮಧ್ಯದಲ್ಲಿ ನಮ್ಮಿಬ್ಬರ ಹೆಸರು. ಅದರ ಕೆಳಗೆ ಎರಡು ಕಾಲಮ್ಮು, ಎಡಕ್ಕೆ ನಮ್ಮ ಮನೆಯವರು, ಬಲಕ್ಕೆ ಅವರ ಮನೆಯವರು. ಅಗಲ ಒಂದೇ, ಅಕ್ಷರ ಒಂದೇ. ಎಡದಲ್ಲಿ ಮೊದಲು ಅಪ್ಪನ ಹೆಸರು, ಅದಕ್ಕೆ ಸರಿಯಾಗಿ ಬಲದಲ್ಲಿ ದಿವಂಗತ ಎಂದು ಸೇರಿಸಿ ಅವನ ತಂದೆಯ ಹೆಸರು. ಇಬ್ಬರು ಬೀಗರು ಒಂದೇ ಜಗಲಿಯ ಮೇಲೆ ಅಕ್ಕಪಕ್ಕ ಕೂತ ಹಾಗೆ ಕಾಣುತ್ತಿತ್ತು. ನಾನು ಮಾಡಿದ ಪುಟಗಳಲ್ಲೆಲ್ಲ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಕಳಿಸಿದ ದಿನವೆಲ್ಲ ಕಾಲು ನೆಲದ ಮೇಲೆ ಇರಲಿಲ್ಲ.

ಮಾರನೆಯ ದಿನ ಅವನ ಫೋನು ಬಂತು. ದನಿ ಸಣ್ಣಗಾಗಿತ್ತು. "ದೊಡ್ಡಪ್ಪ ನಿಮ್ ಪೇಜ್ ನೋಡ್ಬುಟ್ಟು ಉಣ್ದೆ ಎದ್ದೋದ್ರು. ನಮ್ ಕಡೆಯೋರ್ನ ಕೆಳ್ಗೆ ಆಕವ್ರೆ ಅಂತ ಬೇಜಾರಿರ್ಬೇಕು. ಕೇಳುದ್ರೆ ಬಾಯ್ ಬುಡ್ತಿಲ್ಲ. ಮದ್ವೆ ಮಾತು ಸದ್ಯಕ್ಕೆ ಬ್ಯಾಡ ಅಂದ್ರು ಅಷ್ಟೇ."

ಕೇಳಿದ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು. ಕೆಳಗೆಲ್ಲಿ ಹಾಕಿದ್ದೇನೆ? ನನ್ನ ಫೋನಲ್ಲಿ ನೋಡಿದೆ, ಅಮ್ಮನ ಫೋನಲ್ಲಿ ನೋಡಿದೆ, ಎರಡು ಮನೆಯೂ ಅಕ್ಕಪಕ್ಕ ಸರಿಸಮ. ನಾನೇ ಹೋಗಿ ತೋರಿಸುತ್ತೇನೆ ಎಂದು ಲ್ಯಾಪ್‌ಟಾಪು ಚೀಲಕ್ಕೆ ತುರುಕಿದೆ. "ಮದ್ವೆಗ್ ಮುಂಚೆ ಗಂಡಿನ್ ಮನೆ ಒಸ್ಲು ತುಳೀತಾರೇನೇ?" ಎಂದು ಅಮ್ಮ ಬಾಯಿ ಬಾಯಿ ಬಡಿದುಕೊಂಡಳು. ಮದುವೆಯೇ ನಿಂತುಹೋದರೆ ಯಾವ ಹೊಸಲು ತುಳಿಯಲಿ? ಅಪ್ಪ ಶರಟು ಹಾಕಿಕೊಂಡು ನನ್ನ ಜೊತೆ ಹೊರಟ.

ಬಸ್ಸು ಖಾಲಿಯಾಗಿತ್ತು. ನಾಲೆ ನಮ್ಮ ಜೊತೆಗೇ ಬರುತ್ತಿತ್ತು, ಬತ್ತದ ಗದ್ದೆಯ ಮೇಲೆ ಮೋಡದ ನೆರಳು ಮೆಲ್ಲಗೆ ಜರುಗುತ್ತಿತ್ತು. ಕಬ್ಬಿನ ಸಾಲುಗಳ ನಡುವಿನ ಬಿಳಿ ಬೆಳಕನ್ನು ನೋಡುತ್ತಿದ್ದರೆ ಆ ದುಗುಡದಲ್ಲೂ ಕಣ್ಣು ಮುಚ್ಚಿಹೋಗುತ್ತಿತ್ತು. ಪಕ್ಕದಲ್ಲಿ ಅಪ್ಪ ಮೆಲ್ಲಗೆ ಅಂದ: "ನನ್ನೆಸ್ರ ಕೆಳೀಕೆ ಆಕ್ಬುಡವ್ವ. ಎಣ್ ಎತ್ತೋರು ತಗ್ಗುದ್ರೆ ಏನಾಯ್ತದೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ಸುಮ್ನಿರಪ್ಪ, ನಾನು ಹಾಕಲ್ಲ" ಎಂದು ಕಿಟಕಿಯ ಕಡೆ ತಿರುಗಿಕೊಂಡೆ. ಅಪ್ಪ ಹೀಗೆ ಕೈಕಟ್ಟಿ ನಿಲ್ಲುವುದನ್ನು ನೋಡಿಕೊಂಡು ಆ ಮನೆ ಸೇರಲು ನನ್ನಿಂದ ಆಗುತ್ತಿರಲಿಲ್ಲ. ಅವನನ್ನು ಬಿಡಲೂ ಆಗುತ್ತಿರಲಿಲ್ಲ. ಅಳು ಬಂತು, ಗಾಳಿಗೆ ಮುಖವೊಡ್ಡಿ ಕಣ್ಣು ಒರೆಸಿಕೊಂಡೆ.

ಅವರ ಮನೆ ಹೊಳೆಗೆ ಹತ್ತಿರ. ಇಳಿಬಿಸಿಲು ನೀರಿಗೆ ಬಿದ್ದು, ಅದರ ಬೆಳಕು ಬೀದಿಯ ಗೋಡೆಗಳ ಮೇಲೆಲ್ಲ ಅಲುಗಾಡುತ್ತಿತ್ತು. ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. "ಬನ್ನಿ" ಎಂದವರು ಮುಖ ಬೇರೆ ಕಡೆ ಮಾಡಿದರು. ನಾವು ಬರುವ ಸುದ್ದಿ ತಿಳಿದು ಅಂಗಡಿಯಿಂದ ಬೈಕಿನಲ್ಲಿ ಓಡಿ ಬಂದಿದ್ದ ಅವನು ಕಂಬಕ್ಕೆ ಒರಗಿ ನಿಂತಿದ್ದ, ಕೈಯಲ್ಲಿನ್ನೂ ಗ್ರೀಸು. ನಾನು ನೀರು ಕೂಡ ಕುಡಿಯದೆ ಫೋನು ಮುಂದೆ ಹಿಡಿದೆ. "ನೋಡಿ ದೊಡ್ಡಪ್ಪ, ಎರಡೂ ಮನೆ ಸಮಸಮ ಇಲ್ವಾ?"

ಅವರು ನೋಡಲಿಲ್ಲ. "ನಿನ್ ಫೋನಲ್ಲಿ ಬ್ಯಾಡ ಕಣವ್ವ. ನನ್ದ್ರಲ್ಲಿ ತೋರ್ಸು" ಎಂದು ಜೇಬಿನಿಂದ ತಮ್ಮ ಫೋನು ತೆಗೆದುಕೊಟ್ಟರು.

ಪುಟ ತೆರೆದೆ. ಅಯ್ಯೋ ದೇವರೇ! ಅವರ ಕಣ್ಣಿಗೆ ಪೊರೆ ಬರುತ್ತಿತ್ತಂತೆ, ಯಾರೋ ಫೋನಿನ ಅಕ್ಷರವನ್ನು ಆದಷ್ಟೂ ದೊಡ್ಡದು ಮಾಡಿಕೊಟ್ಟಿದ್ದರು. ಆ ದಪ್ಪ ಅಕ್ಷರದಲ್ಲಿ ಎರಡು ಕಾಲಮ್ಮು ಪಕ್ಕಪಕ್ಕ ಹಿಡಿಸದೆ, ಬಲಗಡೆಯದು ಎಡಗಡೆಯದರ ಕೆಳಕ್ಕೆ ಹೋಗಿತ್ತು. ಜಾಗ ಸಾಲದಿದ್ದರೆ ಒಂದರ ಕೆಳಗೊಂದು ಕೂರಿ ಎಂದು ನಿಯಮ ಬರೆದವಳೂ ನಾನೇ. ನಮ್ಮಿಬ್ಬರ ಹೆಸರು ದಾಟಿದರೆ ಪರದೆಯ ತುಂಬ ಇದ್ದದ್ದು ನಮ್ಮಪ್ಪನ ಹೆಸರೊಂದೇ.

"ಬೇಕು ಅಂತ ನಿಮ್ಮೋರ್ನ ಕೆಳ್ಗೆ ಹಾಕಿಲ್ಲ ದೊಡ್ಡಪ್ಪ" ಎಂದು ಶುರುಮಾಡಿದೆ.

"ಮ್ಯಾಲೆ ಕೆಳ್ಗೆ ಕಟ್ಕಂಡು ನಂಗೇನಾಗ್ಬೇಕವ್ವ?" ಎಂದರು. ದನಿ ಒಡೆದುಹೋಯಿತು. "ನನ್ ತಮ್ಮ ಎಲ್ಲವ್ನೆ ಏಳು. ಎಷ್ಟ್ ನೋಡುದ್ರೂ ನಿಮ್ಮೋರೇ ಬತ್ತಾವ್ರೆ. ಸತ್ತೋದೋನು ಅಂತ ಬುಟ್‌ಬುಟ್ರಾ?"

ನಾನು ಅವರ ಪಕ್ಕದಲ್ಲೇ ಕೂತು ಪುಟವನ್ನು ಮೆಲ್ಲಗೆ ಸರಿಸಿದೆ. ಅಪ್ಪ ಮೇಲಕ್ಕೆ ಹೋದ, ಅಮ್ಮ ಹೋದಳು, ನಮ್ಮಜ್ಜಿ, ಸೋದರಮಾವಂದಿರು, ಚಿಕ್ಕಪ್ಪಂದಿರು ಎಲ್ಲರೂ ತೇಲಿಕೊಂಡು ಹೋದರು. ಕೊನೆಗೆ ಆ ಹೆಸರು ಬಂತು. ದೊಡ್ಡಪ್ಪ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದತೊಡಗಿದರು. ಬೆರಳು ತಗುಲಿ ಪುಟ ಜಾರಿತು. "ಅಯ್ಯಯ್ಯೋ, ಓಯ್ತಲ್ಲವ್ವ!" ಎಂದು ಮಗುವಿನಂತೆ ಗಾಬರಿಯಾದರು. ಮತ್ತೆ ತಂದುಕೊಟ್ಟೆ. "ಅವ್ನೆ. ಇಲ್ಲೇ ಅವ್ನೆ" ಎಂದು ಟವೆಲ್ಲಿನಿಂದ ಕಣ್ಣೊತ್ತಿಕೊಂಡರು. ಕಂಬಕ್ಕೆ ಒರಗಿದ್ದ ಅವನು ಆ ಕಡೆ ತಿರುಗಿಕೊಂಡ.

ಲ್ಯಾಪ್‌ಟಾಪು ತೆರೆದೆ. ಆದರೆ ಏನು ಬರೆಯಲಿ? ಆ ಅಕ್ಷರದಲ್ಲಿ ಇಬ್ಬರೂ ಅಕ್ಕಪಕ್ಕ ಕೂರುವಂತಿಲ್ಲ. ಒಬ್ಬರು ಮೇಲೆ ಬಂದರೆ ಇನ್ನೊಬ್ಬರು ಕೆಳಕ್ಕೆ ಹೋಗಲೇಬೇಕು.

ಅಪ್ಪ ಎದ್ದು ಬಂದು ನನ್ನ ಪಕ್ಕ ನಿಂತ. "ತೀರ್ಕಂಡೋರ ಎಸ್ರ ಮ್ಯಾಲೆ ಆಕವ್ವ."

"ಮತ್ತೆ ತಗ್ಗೋಕೆ ಶುರು ಮಾಡ್ದ್ಯಾ ಅಪ್ಪ?"

"ತಗ್ಗದಲ್ಲ ಕಣವ್ವ" ಎಂದ ಅಪ್ಪ. "ಮದ್ವೆ ದಿನ ನಾನು ಛತ್ರದ್ ಬಾಗ್ಲಲ್ಲಿ ನಿಂತ್ಕಂಡು ಬಂದೋರ್ನೆಲ್ಲ ಕೈ ಇಡ್ದು ಒಳೀಕ್ ಕರೀತೀನಿ. ಅವ್ರು ಬಂದು ನಿಂತ್ಕಳಕ್ಕಾಯ್ತದಾ? ಅವ್ರಿಗಿರಾದು ಅದೊಂದ್ ಎಸ್ರು."

ದೊಡ್ಡಪ್ಪ ಜಗಲಿಯಿಂದ ಇಳಿದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡರು. ನಾನು ಅಳುತ್ತಲೇ ಸಿಎಸ್‌ಎಸ್‌ನ ಒಂದು ಸಾಲು ಬದಲಾಯಿಸಿದೆ.